ಹ್ಯೂಬರ್ಡೋ ಅವರ ಎಂಟು ವರ್ಷದ ಒಪ್ಪಂದ: ನಿಮ್ಮ ಪ್ರಶ್ನೆಗೆ ಸ್ವಲ್ಪ ಉದ್ದನೆಯ ಉತ್ತರ

ನಮಸ್ಕಾರ ಮೇಡಂ. ಕ್ಯಾಲ್ಗರಿಗೆ ಬಂದ ಮೇಲೆ ಐಸ್ ಹಾಕಿ ನೋಡಲು ಶುರು ಮಾಡಿದ್ದೀರಿ ಅಂತ ಓದಿ ಖುಷಿಯಾಯಿತು. ನೀವು ಕೇಳಿದ್ದು ಮೂರು ವಿಷಯ. ಆಫೀಸಿನಲ್ಲಿ ಎಲ್ಲರೂ ನಿಮ್ಮೂರಿನ ಫ್ಲೇಮ್ಸ್ ತಂಡದ ಜೋನಥನ್ ಹ್ಯೂಬರ್ಡೋ ಅವರನ್ನು ಬೈಯುತ್ತಾರೆ, ಚೆನ್ನಾಗಿ ಆಡದಿದ್ದರೆ ಸಂಬಳ ಇಳಿಸೋಕೆ ಆಗಲ್ವಾ ಅಂತ ಒಂದು. ಕೆಟ್ಟ ಒಪ್ಪಂದವನ್ನು ಸಹಿ ಬಿದ್ದ ದಿನವೇ ಗುರುತಿಸೋದು ಹೇಗೆ ಅಂತ ಇನ್ನೊಂದು. ಆಫೀಸಿನ ಫ್ಯಾಂಟಸಿ ಲೀಗಿನಲ್ಲಿ ಅವರನ್ನು ಇಟ್ಟುಕೊಳ್ಳಬೇಕೋ ಬಿಡಬೇಕೋ ಅಂತ ಕೊನೆಯದು. ನನಗಿಂತ ಮೊದಲು ನಿಮಗೆ ಉತ್ತರಿಸಿದ ಇಬ್ಬರು "ದುಡ್ಡು ಸಿಕ್ಕಿತು, ಆಟ ಮರೆತರು" ಅಂತ ಬರೆದಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ಮೊದಲು ಸಂಬಳದ ವಿಷಯ. ಎನ್‌ಎಚ್‌ಎಲ್‌ನಲ್ಲಿ ಅಂದರೆ ಫ್ಲೇಮ್ಸ್ ಆಡುವ ಈ ದೊಡ್ಡ ಐಸ್ ಹಾಕಿ ಲೀಗಿನಲ್ಲಿ, ಒಮ್ಮೆ ಸಹಿ ಬಿದ್ದರೆ ಮುಗಿಯಿತು. ಮಧ್ಯದಲ್ಲಿ ಕೂತು ಸಂಬಳ ಇಳಿಸುವುದಕ್ಕೂ ಅವಕಾಶ ಇಲ್ಲ, ಏರಿಸುವುದಕ್ಕೂ ಇಲ್ಲ. ಆಟಗಾರನನ್ನು ಕೆಳಗಿನ ಲೀಗಿಗೆ ಕಳಿಸಿದರೂ ತಂಡದ ಲೆಕ್ಕದಲ್ಲಿ ಉಳಿತಾಯ ಆಗೋದು ಸುಮಾರು ಒಂದು ಮಿಲಿಯನ್ ಅಷ್ಟೇ, ಮಿಕ್ಕಿದ್ದೆಲ್ಲ ತಲೆ ಮೇಲೇ ಇರುತ್ತದೆ. ತಲೆ ಮೇಲೆ ಅಂದೆ ಯಾಕೆಂದರೆ ಇಲ್ಲಿ ಪ್ರತಿ ತಂಡಕ್ಕೂ ಸಂಬಳದ ಮಿತಿ ಇದೆ. ಮಾಲೀಕ ಎಷ್ಟೇ ಶ್ರೀಮಂತನಾಗಿರಲಿ, ಆ ಮಿತಿ ದಾಟುವ ಹಾಗಿಲ್ಲ. ಮಾಲೀಕರು 2004-05ರ ಇಡೀ ಸೀಸನ್ ಪಂದ್ಯ ನಿಲ್ಲಿಸಿ ಆಟಗಾರರ ಜೊತೆ ಜಗಳವಾಡಿದ ಮೇಲೆ ಬಂದ ನಿಯಮ ಇದು. ಆಗ ಮಿತಿ 39 ಮಿಲಿಯನ್ ಡಾಲರ್ ಇತ್ತು. 2024-25ಕ್ಕೆ 88 ಮಿಲಿಯನ್ ಆಯಿತು, 2025-26ಕ್ಕೆ 95.5.

ಹಾಗಾಗಿ ಒಬ್ಬನಿಗೆ ಜಾಸ್ತಿ ಕೊಟ್ಟರೆ ಅದು ಇನ್ನೊಬ್ಬನ ಪಾಲಿನಿಂದ ಹೋಗುತ್ತದೆ. ಲೀಗಿನ ಆದಾಯದಲ್ಲಿ ಆಟಗಾರರಿಗೆಲ್ಲ ಸೇರಿ ಸಿಗೋದು ಅರ್ಧ ಅಂತ ಮೊದಲೇ ನಿಗದಿಯಾಗಿದೆ. ಹ್ಯೂಬರ್ಡೋ ಅವರಿಗೆ ಕಡಿಮೆ ಕೊಟ್ಟಿದ್ದರೆ ನಿಮ್ಮ ಟಿಕೆಟ್ ಅಗ್ಗ ಆಗುತ್ತಿತ್ತು ಅಂತ ಅಂದುಕೊಳ್ಳಬೇಡಿ. ಅಭಿಮಾನಿಗೆ ನೋವಾಗೋದು ಬೇರೆ ಕಡೆ. ಆ ದುಡ್ಡಿನ ಜಾಗದಲ್ಲಿ ತರಬಹುದಾಗಿದ್ದ ಒಳ್ಳೆಯ ಡಿಫೆನ್ಸ್ ಆಟಗಾರ ಬರಲಿಲ್ಲ, ಅದು.

ಈಗ ಹ್ಯೂಬರ್ಡೋ ಅವರದ್ದೇ ಕಥೆ ನೋಡಿ. 2021-22ರಲ್ಲಿ ಫ್ಲೋರಿಡಾದಲ್ಲಿ 115 ಪಾಯಿಂಟ್ (ಹೊಡೆದ ಗೋಲು, ಗೋಲಿಗೆ ಕೊಟ್ಟ ಪಾಸ್ ಅಂದರೆ ಅಸಿಸ್ಟ್, ಎರಡೂ ಸೇರಿ). ಅದರಲ್ಲಿ 85 ಅಸಿಸ್ಟ್. ಆ ಬೇಸಿಗೆಯಲ್ಲಿ ಕ್ಯಾಲ್ಗರಿಯ ಪರಿಸ್ಥಿತಿ ಅತ್ತ ದರಿ, ಇತ್ತ ಪುಲಿ. ಜಾನಿ ಗೊಡ್ರೋ ಒಪ್ಪಂದ ಮುಗಿಸಿ ಕೊಲಂಬಸ್‌ಗೆ ಹೋದರು, ಬದಲಿಗೆ ತಂಡಕ್ಕೆ ಏನೂ ಸಿಗಲಿಲ್ಲ. ಮ್ಯಾಥ್ಯೂ ಕಚಕ್ ತಾವೂ ಇಲ್ಲಿ ದೀರ್ಘ ಒಪ್ಪಂದಕ್ಕೆ ಸಹಿ ಹಾಕಲ್ಲ ಅಂದರು. ಕಚಕ್ ಅವರನ್ನು ಫ್ಲೋರಿಡಾಕ್ಕೆ ಕೊಟ್ಟು ಹ್ಯೂಬರ್ಡೋ, ವೀಗರ್ ಇವರನ್ನೆಲ್ಲ ತಂದುಕೊಂಡರು. ಹ್ಯೂಬರ್ಡೋ ಅವರ ಹಳೇ ಒಪ್ಪಂದದಲ್ಲಿ ಉಳಿದಿದ್ದು ಒಂದೇ ವರ್ಷ. ಇವರೂ ಕೈಬಿಟ್ಟು ಹೋದರೆ? ಆ ಭಯದಲ್ಲೇ 2022ರ ಆಗಸ್ಟ್‌ನಲ್ಲಿ, ಅವರು ಫ್ಲೇಮ್ಸ್ ಜೆರ್ಸಿ ಹಾಕಿ ಒಂದೇ ಒಂದು ಪಂದ್ಯ ಆಡುವ ಮೊದಲೇ, 8 ವರ್ಷಕ್ಕೆ 84 ಮಿಲಿಯನ್ ಡಾಲರ್ ಕೊಟ್ಟರು. ವರ್ಷಕ್ಕೆ 10.5 ಮಿಲಿಯನ್.

ಇದರಲ್ಲಿ ತುಂಬಾ ಜನ ಗಮನಿಸದ ವಿಷಯ ಒಂದಿದೆ. ಆ ಒಪ್ಪಂದ ಜಾರಿಗೆ ಬಂದಿದ್ದು 2023-24ರಲ್ಲಿ. ಅಷ್ಟರೊಳಗೆ ಒಂದು ಸೀಸನ್ ಮುಗಿದು 115 ಇದ್ದದ್ದು 55ಕ್ಕೆ ಇಳಿದಿತ್ತು. ಹೊಸ ಸಂಬಳದ ಮೊದಲ ಚೆಕ್ ಬರುವ ಮೊದಲೇ ಕುಸಿತ ಆಗಿತ್ತು ಅಲ್ವಾ? ಅವರು 1993ರಲ್ಲಿ ಹುಟ್ಟಿದವರು. ಒಪ್ಪಂದ ಮುಗಿಯುವುದು 2031ರಲ್ಲಿ, ಆಗ ಅವರಿಗೆ 38. ಹಾಗಂತ ಅವರು ಸೋಮಾರಿಯಾಗಿ ಕೂತಿಲ್ಲ. 2024-25ರಲ್ಲಿ 28 ಗೋಲು ಹೊಡೆದು 62 ಪಾಯಿಂಟ್ ಮಾಡಿದರು. ಒಳ್ಳೆಯ ಆಟಗಾರ, ಆದರೆ 10.5 ಮಿಲಿಯನ್ನಿನ ಆಟಗಾರ ಅಲ್ಲ. ತಪ್ಪು ಲೆಕ್ಕ ಹಾಕಿದ್ದು ಮೇಜಿನ ಆ ಕಡೆ ಕೂತವರು.

ಈ ತಪ್ಪು ಮತ್ತೆ ಮತ್ತೆ ಯಾಕೆ ಆಗುತ್ತದೆ ಅನ್ನೋದೇ ನನ್ನ ಮುಖ್ಯ ಮಾತು. ಈ ಆಟದಲ್ಲಿ ಮುಂದಿನ ಸಾಲಿನವರು ಹೆಚ್ಚು ಪಾಯಿಂಟ್ ಮಾಡೋದು ಇಪ್ಪತ್ತರ ನಡುವಿನ ವಯಸ್ಸಿನಲ್ಲಿ. ಆಗಲೇ ಅವರ ಕೈ ಕಟ್ಟಿರುತ್ತದೆ. ಹೊಸಬರ ಮೊದಲ ಒಪ್ಪಂದದ ಮೂಲ ಸಂಬಳ ಹೆಚ್ಚೆಂದರೆ ಸುಮಾರು ಒಂದು ಮಿಲಿಯನ್, ಹುಡುಗ ಎಷ್ಟೇ ದೊಡ್ಡ ಪ್ರತಿಭೆ ಆಗಿರಲಿ. ಯಾವ ತಂಡಕ್ಕೆ ಬೇಕಾದರೂ ಹೋಗುವ ಸ್ವಾತಂತ್ರ್ಯ ಸಿಗೋದು 27 ವರ್ಷ ತುಂಬಿದ ಮೇಲೆ ಇಲ್ಲವೇ ಏಳು ಸೀಸನ್ ಆದ ಮೇಲೆ. ಅಂದರೆ ಚೆನ್ನಾಗಿ ಆಡಿದ ವರ್ಷಗಳಲ್ಲಿ ಕಡಿಮೆ, ಇಳಿಯುವ ವರ್ಷಗಳಲ್ಲಿ ಜಾಸ್ತಿ. ಮಾವಿನ ಫಸಲು ಮುಗಿದ ಮೇಲೆ ಹೋದ ವರ್ಷದ ಬೆಳೆ ನೋಡಿ ತೋಟ ಗುತ್ತಿಗೆ ಹಿಡಿದ ಹಾಗೆ ಆಗುತ್ತದೆ. ಆಟಗಾರನ ಕಡೆಯಿಂದ ನೋಡಿದರೆ, ಬರಬೇಕಾಗಿದ್ದ ಹಳೇ ಬಾಕಿ ಈಗ ಬಂತು. ಅದಕ್ಕೇ ನಾನು ಆಟಗಾರರನ್ನು ಬೈಯುವವರ ಜೊತೆ ಸೇರುವುದಿಲ್ಲ. ಸಿಕ್ಕ ಸಹಿಯನ್ನು ಬೇಡ ಅನ್ನೋದು ಯಾರ ಕೈಲೂ ಆಗದ ಕೆಲಸ, ಅದೂ ಒಂದು ಮೊಣಕಾಲು ಹೋದರೆ ಇಡೀ ವೃತ್ತಿಯೇ ಮುಗಿದುಹೋಗುವ ಆಟದಲ್ಲಿ.

ಮೊಣಕಾಲು ಅಂದಾಗ ಕೇರಿ ಪ್ರೈಸ್ ನೆನಪಾಗುತ್ತಾರೆ. ಮಾಂಟ್ರಿಯಲ್‌ನ ಗೋಲಿ (ಗೋಲು ಕಾಯುವವರು), ಅವರಿಗೂ 8 ವರ್ಷಕ್ಕೆ 84 ಮಿಲಿಯನ್. 2021ರಲ್ಲಿ ತಂಡವನ್ನು ಲೀಗಿನ ದೊಡ್ಡ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ ಫೈನಲ್‌ವರೆಗೆ ಎಳೆದುಕೊಂಡು ಹೋದರು. ಮುಂದಿನ ಸೀಸನ್‌ನಲ್ಲಿ ಐದೇ ಪಂದ್ಯ, ಆಮೇಲೆ ಒಂದೂ ಇಲ್ಲ. ಒಪ್ಪಂದ ಮಾತ್ರ 2026ರವರೆಗೆ ಇತ್ತು. ಕೊನೆಯ ವರ್ಷ ಉಳಿದಿದ್ದಾಗ, 2025ರ ಸೆಪ್ಟೆಂಬರ್‌ನಲ್ಲಿ ಅದನ್ನು ಸ್ಯಾನ್ ಹೋಸೆ ತಂಡಕ್ಕೆ ದಾಟಿಸಿದರು. ಹೋಗಿದ್ದು ಆಟಗಾರ ಅಲ್ಲ, ಬರೀ ಕಾಗದ. ಅವರನ್ನು "ದಂಡ" ಅಂತ ಕರೆಯೋದು ಕೇಳಿದರೆ ನಿಜವಾಗಿ ಬೇಸರವಾಗುತ್ತದೆ.

ಹೀಗೆ ಕಾಗದ ಊರೂರು ಸುತ್ತಿದ್ದಕ್ಕೆ ಡೇವಿಡ್ ಕ್ಲಾರ್ಕ್‌ಸನ್ ಕಥೆಗಿಂತ ಒಳ್ಳೆಯ ಉದಾಹರಣೆ ಇಲ್ಲ. 2011-12ರಲ್ಲಿ ನ್ಯೂಜೆರ್ಸಿಯಲ್ಲಿ 30 ಗೋಲು. ಅದಕ್ಕೆ ಮೊದಲೂ ಆಮೇಲೂ ಯಾವ ವರ್ಷವೂ ಇಪ್ಪತ್ತು ಮುಟ್ಟಿದ್ದಿಲ್ಲ. ಆದರೂ 2013ರಲ್ಲಿ ಟೊರಾಂಟೊ 7 ವರ್ಷಕ್ಕೆ 36.75 ಮಿಲಿಯನ್ ಕೊಟ್ಟಿತು. ಊರಿನ ಹುಡುಗ, ಮೈಮೇಲೆ ಬಿದ್ದು ಆಡುವವನು, ನಾಯಕತ್ವ ಇದೆ, ಹೀಗೆಲ್ಲ ಹೇಳಿದರು. ಮೊದಲ ಸೀಸನ್ 60 ಪಂದ್ಯ, 5 ಗೋಲು, 6 ಅಸಿಸ್ಟ್. 2015ರ ಫೆಬ್ರವರಿಯಲ್ಲಿ ಅವರನ್ನು ಕೊಲಂಬಸ್‌ಗೆ ಕೊಟ್ಟು ನೇಥನ್ ಹಾರ್ಟನ್ ಅವರನ್ನು ತೆಗೆದುಕೊಂಡರು. ಹಾರ್ಟನ್ ಬೆನ್ನು ಹಾಳಾಗಿ ಇನ್ನು ಆಡಲಾರದ ಸ್ಥಿತಿಯಲ್ಲಿದ್ದರು. ಆಡದವನನ್ನು ಯಾಕೆ ತಂದರು? ಆಡಲಾಗದಷ್ಟು ಗಾಯವಾದವನನ್ನು ದೀರ್ಘ ಗಾಯದ ಪಟ್ಟಿಗೆ ಸೇರಿಸಿದರೆ, ಅವನ ಸಂಬಳದಷ್ಟು ಮಿತಿಯ ಮೇಲೆ ಖರ್ಚು ಮಾಡಬಹುದು. ಕ್ಲಾರ್ಕ್‌ಸನ್ ಆಡುವಷ್ಟು ಆರೋಗ್ಯವಾಗಿದ್ದರು, ಹಾಗಾಗಿ ಅವರೇ ಹೆಚ್ಚು ಭಾರ. ಕೊಲಂಬಸ್ ಬಳಿ ಹಾರ್ಟನ್ ಒಪ್ಪಂದಕ್ಕೆ ವಿಮೆ ಇರಲಿಲ್ಲ, ಆಡದವನಿಗೆ ಜೇಬಿನಿಂದ ಕೊಡೋದಕ್ಕಿಂತ ಆಡುವವನಿಗೆ ಕೊಡೋಣ ಅಂತ ಅವರು ಒಪ್ಪಿದರು. ಆಮೇಲೆ ಕ್ಲಾರ್ಕ್‌ಸನ್‌ಗೂ ಬೆನ್ನು ಕೈಕೊಟ್ಟಿತು. ಅವರ ಒಪ್ಪಂದ ವೇಗಸ್‌ಗೆ ಹೋಯಿತು. 2019ರಲ್ಲಿ ಅದೇ ಗಾಯದ ಪಟ್ಟಿಯ ಲೆಕ್ಕಕ್ಕೆ ಬೇಕಾಗಿ ತಿರುಗಿ ಟೊರಾಂಟೊಗೇ ಬಂತು!

ಬೈಔಟ್ ಮಾಡಿ, ಅಂದರೆ ಒಂದಿಷ್ಟು ದುಡ್ಡು ಕೊಟ್ಟು ಒಪ್ಪಂದ ಮುಗಿಸಿ, ಕಳಿಸಬಹುದಲ್ಲ ಅಂತ ನೀವು ಕೇಳಬಹುದು. ಮಾಡಬಹುದು. ಉಳಿದ ಸಂಬಳದಲ್ಲಿ ಮೂರರಲ್ಲಿ ಎರಡು ಪಾಲು ಕೊಡಬೇಕು, ಉಳಿದ ವರ್ಷಗಳ ಎರಡರಷ್ಟು ಕಾಲಕ್ಕೆ ಹಂಚಿ. ಆಟಗಾರ 26ಕ್ಕಿಂತ ಚಿಕ್ಕವನಾದರೆ ಮೂರರಲ್ಲಿ ಒಂದು ಪಾಲು. ಕೇಳೋಕೆ ಸುಲಭ. ಮಿನ್ನೆಸೋಟ ಹೇಗೆ ಕೈ ಸುಟ್ಟುಕೊಂಡಿತು ಅನ್ನೋದನ್ನು ಮಾತ್ರ ಒಮ್ಮೆ ಕಾಗದ ಪೆನ್ನು ಹಿಡಿದು ಲೆಕ್ಕ ಮಾಡಿ ನೋಡಿ. 2012ರ ಜುಲೈ 4ರಂದು ಜ್ಯಾಕ್ ಪರೀಸೆ ಮತ್ತು ರಯನ್ ಸೂಟರ್ ಇಬ್ಬರಿಗೂ ಒಂದೇ ಥರದ ಒಪ್ಪಂದ: 13 ವರ್ಷ, 98 ಮಿಲಿಯನ್. ಮಿತಿಯಲ್ಲಿ ಹಿಡಿಯೋದು ಸರಾಸರಿ, ವರ್ಷಕ್ಕೆ ಸುಮಾರು 7.54 ಮಿಲಿಯನ್. ಕೈಗೆ ಕೊಡೋದು ಮಾತ್ರ ಮೊದಲ ವರ್ಷಗಳಲ್ಲಿ ಜಾಸ್ತಿ, ಕೊನೆಗೆ ಚಿಲ್ಲರೆ. 2021ರಲ್ಲಿ ಇಬ್ಬರನ್ನೂ ಬೈಔಟ್ ಮಾಡಿದಾಗ ಒಬ್ಬೊಬ್ಬರಿಗೆ ಉಳಿದಿದ್ದು ನಾಲ್ಕು ವರ್ಷಕ್ಕೆ 6, 2, 1, 1 ಮಿಲಿಯನ್. ಒಟ್ಟು 10. ಮೂರರಲ್ಲಿ ಎರಡು ಪಾಲು ಅಂದರೆ 6.67, ಎಂಟು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 0.83.

ಮಿತಿಯ ಲೆಕ್ಕ ಹೀಗೆ: ಮೊದಲಿದ್ದ 7.54ರಲ್ಲಿ, ಆ ವರ್ಷ ನಿಜವಾಗಿ ಉಳಿತಾಯ ಆದ ಸಂಬಳವನ್ನು ಮಾತ್ರ ಕಳೆಯಬೇಕು. 6 ಮಿಲಿಯನ್ನಿನ ವರ್ಷ ಉಳಿದಿದ್ದು 5.17, ಹಾಗಾಗಿ ಭಾರ 2.37. ಪರವಾಗಿಲ್ಲ. 1 ಮಿಲಿಯನ್ನಿನ ವರ್ಷ ಉಳಿದಿದ್ದು ಬರೀ 0.17, ಭಾರ 7.37! ಇಬ್ಬರದ್ದೂ ಸೇರಿ 2023-24 ಮತ್ತು 2024-25ರಲ್ಲಿ ವರ್ಷಕ್ಕೆ 14.74 ಮಿಲಿಯನ್, ತಂಡದಲ್ಲೇ ಇಲ್ಲದವರಿಗಾಗಿ. 2023-24ರಲ್ಲಿ ಮಿತಿ ಇದ್ದದ್ದೇ 83.5. ಆ ವರ್ಷಗಳಲ್ಲಿ ಅವರು ಒಳ್ಳೆಯ ಆಟಗಾರರನ್ನು ಉಳಿಸಿಕೊಳ್ಳಲು ಪಟ್ಟ ಪಾಡು ಅಷ್ಟಿಷ್ಟಲ್ಲ. ಈಗ 2028-29ರವರೆಗೆ ವರ್ಷಕ್ಕೆ 1.67 ಮಾತ್ರ ಬಾಕಿ.

ಇದಕ್ಕಿಂತ ಉದ್ದದ್ದೂ ಇದೆ. ನ್ಯೂಯಾರ್ಕ್ ಐಲ್ಯಾಂಡರ್ಸ್ ತಂಡದ ಗೋಲಿ ರಿಕ್ ಡಿಪಿಯೆಟ್ರೊ ಅವರಿಗೆ 2006ರಲ್ಲಿ 15 ವರ್ಷ, 67.5 ಮಿಲಿಯನ್. ಗಾಯದ ಮೇಲೆ ಗಾಯ. 2013ರಲ್ಲಿ ಬೈಔಟ್ ಮಾಡಿದರು, 2029ರವರೆಗೆ ವರ್ಷಕ್ಕೆ 1.5 ಮಿಲಿಯನ್ ಹೋಗುತ್ತಲೇ ಇದೆ. ಇಂಥವು ಜಾಸ್ತಿಯಾಗಿದ್ದಕ್ಕೇ 2013ರಲ್ಲಿ ಸ್ವಂತ ಆಟಗಾರನಿಗೆ 8, ಹೊರಗಿನವನಿಗೆ 7 ವರ್ಷ ಅಂತ ಕಡಿವಾಣ ಹಾಕಿದರು. ಲೀಗ್ ಮತ್ತು ಆಟಗಾರರ ಸಂಘದ ನಡುವಿನ 2026ರ ಹೊಸ ಕರಾರಿನಲ್ಲಿ ಅದು 7 ಮತ್ತು 6. ನನಗೆ ಇದು ತುಂಬಾ ಸಂತೋಷದ ಸುದ್ದಿ. ಆಟಗಾರರಿಗೆ ಕೊನೆಯ ಒಂದು ವರ್ಷದ ಭದ್ರತೆ ಹೋಗುತ್ತದೆ ನಿಜ. ಆದರೆ ಇಡೀ ಊರಿನ ಬೈಗುಳ ತಿನ್ನುವ ವರ್ಷವೂ ಸಾಮಾನ್ಯವಾಗಿ ಅದೇ.

ಹಾಗಾದರೆ ಮೊದಲೇ ಗುರುತಿಸೋದು ಹೇಗೆ? ಒಟ್ಟು ಮೊತ್ತ ನೋಡಿ ಬೆಚ್ಚಬೇಡಿ, ಒಪ್ಪಂದ ಮುಗಿಯುವ ದಿನ ಆಟಗಾರನ ವಯಸ್ಸು ನೋಡಿ. 34 ದಾಟಿದರೆ ಅನುಮಾನ ಪಡಿ. ಆಮೇಲೆ ಹಿಂದಿನ ಮೂರು ಸೀಸನ್ ಪಕ್ಕಪಕ್ಕ ಇಟ್ಟುಕೊಳ್ಳಿ. ಒಂದೇ ವರ್ಷ ಎತ್ತರಕ್ಕೆ ಹೋಗಿದ್ದರೆ, ಆ ವರ್ಷ ಹೊಡೆದ ಶಾಟ್‌ಗಳಲ್ಲಿ ಎಷ್ಟು ಪಾಲು ಗೋಲಾದವು, ಪಕ್ಕದಲ್ಲಿ ಯಾರು ಆಡುತ್ತಿದ್ದರು ಅಂತ ಹುಡುಕಿ. ಜೆಫ್ ಸ್ಕಿನ್ನರ್ 2018-19ರಲ್ಲಿ ಬಫಲೋದಲ್ಲಿ 40 ಗೋಲು ಹೊಡೆದು 8 ವರ್ಷಕ್ಕೆ 72 ಮಿಲಿಯನ್ ಪಡೆದರು. ಮುಂದಿನ ವರ್ಷ 14, ಅದರ ಮುಂದಿನ ವರ್ಷ 7. ನಡುವೆ ಎರಡು ವರ್ಷ ಚೆನ್ನಾಗಿ ಚೇತರಿಸಿಕೊಂಡರು, ಆದರೂ 2024ರಲ್ಲಿ ಬೈಔಟ್ ಆಯಿತು.

ಸಂಬಳ ಯಾವ ರೂಪದಲ್ಲಿ ಅನ್ನೋದೂ ಮುಖ್ಯ. ಸಹಿ ಬೋನಸ್ ರೂಪದಲ್ಲಿ ಕೊಟ್ಟ ದುಡ್ಡು ಬೈಔಟ್‌ನಲ್ಲಿ ಒಂದು ಪೈಸೆ ಕಡಿಮೆ ಆಗುವುದಿಲ್ಲ. ಬೋನಸ್ಸೇ ಜಾಸ್ತಿ ಇದ್ದು, ಆಟಗಾರನ ಒಪ್ಪಿಗೆ ಇಲ್ಲದೆ ಬೇರೆ ತಂಡಕ್ಕೆ ಕಳಿಸುವ ಹಾಗಿಲ್ಲ ಅನ್ನುವ ಷರತ್ತೂ ಜೊತೆಗಿದ್ದರೆ, ತಂಡಕ್ಕೆ ಹೊರಬರೋಕೆ ದಾರಿಯೇ ಇಲ್ಲ ಅಂತ ತಿಳಿಯಿರಿ.

ಡಾಲರ್ ಬದಲು ಮಿತಿಯ ಶೇಕಡಾ ಲೆಕ್ಕ ಹಾಕಿ. ಹ್ಯೂಬರ್ಡೋ ಸಹಿ ಹಾಕಿದಾಗ ಮಿತಿ 82.5 ಮಿಲಿಯನ್, ಅವರ 10.5 ಅದರಲ್ಲಿ ಶೇ. 12.7. 2026-27ಕ್ಕೆ ಮಿತಿ 104 ಅಂತ ಲೀಗ್ ಪ್ರಕಟಿಸಿದೆ, ಆಗ ಅದು ಸುಮಾರು ಶೇ. 10. ವಯಸ್ಸು ಏರಿದ ಹಾಗೆ ಒಪ್ಪಂದವೂ ಸ್ವಲ್ಪ ಹಗುರ ಆಗುತ್ತದೆ. ಕೋವಿಡ್ ಕಾಲದಲ್ಲಿ ಹೀಗಾಗಲಿಲ್ಲ. 2019-20ರಿಂದ ಮೂರು ಸೀಸನ್ ಮಿತಿ 81.5ರಲ್ಲೇ ನಿಂತಿತು. ಏರುತ್ತದೆ ಅಂತ ನಂಬಿ ಸಹಿ ಮಾಡಿದವರೆಲ್ಲ ಸಿಕ್ಕಿಬಿದ್ದರು.

ಇಷ್ಟೆಲ್ಲ ನೋಡಿದರೂ ಗೋಲಿಗಳ ವಿಷಯದಲ್ಲಿ ಸ್ವಲ್ಪ ತಡೆದು ತೀರ್ಪು ಕೊಡಿ. ಸೆರ್ಗೆಯ್ ಬೊಬ್ರೊವ್‌ಸ್ಕಿ 2019ರಲ್ಲಿ ಫ್ಲೋರಿಡಾಕ್ಕೆ 7 ವರ್ಷ, 70 ಮಿಲಿಯನ್ನಿಗೆ ಬಂದಾಗ ಮೂವತ್ತು ದಾಟಿತ್ತು. ವರ್ಷಗಟ್ಟಲೆ ಎಲ್ಲರ ಕೆಟ್ಟ ಒಪ್ಪಂದಗಳ ಪಟ್ಟಿಯಲ್ಲೂ ಅವರ ಹೆಸರು ಇರುತ್ತಿತ್ತು. 2023ರ ಪ್ಲೇಆಫ್ ಶುರುವಾದಾಗ ಬೆಂಚಿನಲ್ಲಿ ಕೂರಿಸಿದ್ದರು. ಅದೇ ಪ್ಲೇಆಫ್‌ನಲ್ಲಿ ಒಳಗೆ ಬಂದು ತಂಡವನ್ನು ಫೈನಲ್‌ಗೆ ಒಯ್ದರು. ಆಮೇಲೆ 2024, 2025 ಎರಡೂ ವರ್ಷ ಕಪ್ ಗೆದ್ದರು. ಈಗ ಫ್ಲೋರಿಡಾದಲ್ಲಿ ಯಾರನ್ನಾದರೂ ಆ 70 ಮಿಲಿಯನ್ ಬಗ್ಗೆ ಕೇಳಿ ನೋಡಿ.

ಕೊನೆಗೆ ನಿಮ್ಮ ಫ್ಯಾಂಟಸಿ ತಂಡ. ನಿಮ್ಮ ಲೀಗಿನಲ್ಲಿ ನಿಜವಾದ ಸಂಬಳವೇ ಲೆಕ್ಕಕ್ಕೆ ಬರುವುದಾದರೆ ಹ್ಯೂಬರ್ಡೋ ಅವರನ್ನು ಬಿಟ್ಟುಬಿಡಿ. ಅವರಷ್ಟೇ ಪಾಯಿಂಟ್ ತರುವವರು ಅರ್ಧ ಬೆಲೆಗೆ ಸಿಗುತ್ತಾರೆ. ಉಳಿದ ದುಡ್ಡಲ್ಲಿ ಮೊದಲ ಒಪ್ಪಂದದಲ್ಲಿ ಆಡುತ್ತಿರುವ ಇಬ್ಬರು ಹುಡುಗರನ್ನು ಹಿಡಿಯಿರಿ, ಮೇಲೆ ಹೇಳಿದ ಹಾಗೆ ಲೀಗಿನಲ್ಲಿ ಅತಿ ಅಗ್ಗಕ್ಕೆ ಸಿಗೋದು ಅವರೇ. ಸಂಬಳ ಲೆಕ್ಕಕ್ಕಿಲ್ಲ, ಬರೀ ಪಾಯಿಂಟ್ ಅಂದರೆ ಇಟ್ಟುಕೊಳ್ಳಿ, ಅವರ ಪಾಸ್ ಕೊಡುವ ಕೈ ಇನ್ನೂ ಚೆನ್ನಾಗಿದೆ. ಮಧ್ಯದಲ್ಲಿ ಬಿಟ್ಟರೆ ನಿಮ್ಮ ಲೀಗಿನಲ್ಲೂ ದಂಡ ಇದ್ಯಾ, ಎಷ್ಟು ವರ್ಷಕ್ಕೆ ಕಟ್ಟಬೇಕು ಅನ್ನೋದನ್ನು ಇಲ್ಲೇ ಬರೆಯಿರಿ. ಅದು ಗೊತ್ತಾದರೆ ಈ ವರ್ಷವೇ ಬಿಡಬೇಕೋ ಮುಂದಿನ ವರ್ಷಕ್ಕೆ ಕಾಯಬೇಕೋ ಲೆಕ್ಕ ಹಾಕಿ ಹೇಳುತ್ತೇನೆ.