ಹಳೆಯ ಸರ್ವರ್ ಬೋರ್ಡಿಗೆ ಹೊಸ ರೇಡ್ ಕಾರ್ಡ್
ನಮಸ್ಕಾರ. ಬೀದರಿನ ನಿಮ್ಮ ಕಾಲೇಜಿನ ಹಳೆಯ ಸರ್ವರಿನ ಪಿಸಿಐಇ (ಬೋರ್ಡಿಗೆ ಕಾರ್ಡುಗಳನ್ನು ಜೋಡಿಸುವ ವ್ಯವಸ್ಥೆ) 2.0 ಬೋರ್ಡಿಗೆ 3.0 ರೇಡ್ ಕಾರ್ಡ್ (ಹಲವು ಡಿಸ್ಕುಗಳನ್ನು ಒಟ್ಟಾಗಿ ನಡೆಸುವ ಕಾರ್ಡ್) ಹೊಂದುತ್ತದೆಯೇ ಎಂದು ಕೇಳಿದ್ದೀರಿ. ಆವೃತ್ತಿಯ ವ್ಯತ್ಯಾಸ ಅಡ್ಡಿಯಲ್ಲ. ಕಾರ್ಡ್ ತಾನೇ 2.0 ವೇಗಕ್ಕೆ ಇಳಿಯುತ್ತದೆ, ಡೇಟಾ ಸಾಗುವ ಎಂಟು ಲೇನ್‌ಗಳಿದ್ದರೆ ಸೆಕೆಂಡಿಗೆ ಸುಮಾರು 4 ಜಿಬಿ ಸಾಗುವುದರಿಂದ ನಾಲ್ಕಾರು ಹಾರ್ಡ್ ಡಿಸ್ಕುಗಳಿಗೆ ಅದು ಧಾರಾಳ. ಆದರೆ ಸ್ಲಾಟಿನ ಉದ್ದವನ್ನು ನಂಬಬೇಡಿ: ಎಂಟು ಲೇನಿನ ಸ್ಲಾಟಿಗೆ ನಾಲ್ಕೇ ಲೇನ್ ಜೋಡಿಸಿರುವ ಬೋರ್ಡುಗಳೂ ಇವೆ, ಆದ್ದರಿಂದ ಮ್ಯಾನ್ಯುಯಲ್ ನೋಡಿ ಖಚಿತಪಡಿಸಿಕೊಳ್ಳಿ.

ಕಾರ್ಡ್ ಹಾಕಿದ ಮೇಲೆ ಪರದೆಯೇ ಬಾರದಿದ್ದರೆ ಅದು ಕೆಟ್ಟಿದೆಯೆಂದು ತಕ್ಷಣ ಹಿಂದಿರುಗಿಸಬೇಡಿ. ಕಲಬುರಗಿಯಲ್ಲಿ ನಾನು ನೋಡಿಕೊಳ್ಳುವ ಒಂದು ಸರ್ವರಿನಲ್ಲಿ ಹೀಗೇ ಆಗಿತ್ತು. ಎಸ್‌ಎಂಬಸ್‌ಗೆ (ಬೋರ್ಡು ಮತ್ತು ಕಾರ್ಡಿನ ನಡುವೆ ನಿಯಂತ್ರಣದ ಸಣ್ಣ ಸಂದೇಶಗಳನ್ನು ಒಯ್ಯುವ ಮಾರ್ಗ) ಸೇರಿದ, ಕಾರ್ಡಿನ ಬಿ5 ಮತ್ತು ಬಿ6 ಪಿನ್‌ಗಳನ್ನು ಅಕ್ಕಿಕಾಳಿನಷ್ಟು ಅಗಲದ ಕ್ಯಾಪ್ಟಾನ್ ಎಂಬ ವಿದ್ಯುತ್ ಹರಿಯದ ಟೇಪಿನಿಂದ ಎಚ್ಚರಿಕೆಯಿಂದ ಮುಚ್ಚಿದ ಮೇಲೆಯೇ ಬೋರ್ಡ್ ಚಾಲೂ ಆಯಿತು. ಟೇಪ್ ಪಕ್ಕದ ಪಿನ್‌ಗಳಿಗೆ ತಾಗಬಾರದು. ಟೇಪ್ ಅಂಟಿಸುವ ಮುನ್ನ, ಕಾರ್ಡ್ ತೆಗೆದು ಬಯೋಸ್ (ಯಂತ್ರವನ್ನು ಆರಂಭಿಸುವ ತಂತ್ರಾಂಶ) ಅಪ್‌ಡೇಟ್ ಮಾಡಿ, ಬೇಡದ ನೆಟ್‌ವರ್ಕ್ ಬೂಟ್ ರೋಮ್ (ನೆಟ್‌ವರ್ಕ್ ಮೂಲಕ ಯಂತ್ರ ಆರಂಭಿಸುವ ಸಣ್ಣ ಪ್ರೋಗ್ರಾಂ)‌ ಅನ್ನು ಬಂದ್ ಮಾಡಿ ನೋಡಿ.