ಮ್ಯೂನಿಕ್‌ಗೆ ಒಂದು ಸೆಮಿಸ್ಟರ್: ಕುಕ್ಕರ್ ಆಮೇಲೆ, ಕ್ಯಾಲೆಂಡರ್ ಮೊದಲು

ನೀನು ಕೇಳಿರೋದು ಮೂರು. ‘ಆರನೇ ಸೆಮಿಸ್ಟರ್‌ಗೆ ಎಕ್ಸ್‌ಚೇಂಜ್ ಮೇಲೆ ಮ್ಯೂನಿಕ್‌ಗೆ ಬರ್ತಿದೀನಿ ಅಕ್ಕ, ತಿಂಗಳಿಗೆ ಎಷ್ಟು ಖರ್ಚು ಬೀಳತ್ತೆ, ಪಾರ್ಟ್‌ಟೈಮ್ ಕೆಲಸದಲ್ಲಿ ಅದು ಹುಟ್ಟತ್ತಾ, ಕುಕ್ಕರ್ ತರಲಾ?’ ಮೂರಕ್ಕೂ ಉತ್ತರ ಹೇಳ್ತೀನಿ. ಅದಕ್ಕೂ ಮುಂಚೆ ನೀನು ಕೇಳದೇ ಬಿಟ್ಟಿರೋ ವಿಷಯ ಒಂದಿದೆ. ನಾನೂ ನಿನ್ನ ಥರಾನೇ ಒಂದೇ ಸೆಮಿಸ್ಟರ್ ಅಂತ ಮೈಸೂರಿಂದ ಜರ್ಮನಿಗೆ ಬಂದವಳು. ಆಮೇಲೆ ಎಂ.ಎಸ್., ಕೆಲಸ, ಮದುವೆ ಅಂತ ಇಲ್ಲೇ ಉಳಿದುಬಿಟ್ಟೆ. ಆದರೆ ಆ ಮೊದಲ ಸೆಮಿಸ್ಟರ್‌ನಲ್ಲಿ ಮಾಡಿಕೊಂಡ ಎಡವಟ್ಟು ಈಗಲೂ ನೆನಪಾಗತ್ತೆ.

ಮೊದಲು ಎರಡೂ ಕಡೆಯ ಕ್ಯಾಲೆಂಡರ್ ಪಕ್ಕಪಕ್ಕ ಇಟ್ಟುಕೊಂಡು ನೋಡು. ಇಲ್ಲಿ ಸಮ್ಮರ್ ಸೆಮಿಸ್ಟರ್ ಅಂದ್ರೆ ಏಪ್ರಿಲ್ 1ರಿಂದ ಸೆಪ್ಟೆಂಬರ್ 30. ಪಾಠ ಶುರುವಾಗೋದು ಏಪ್ರಿಲ್ ಮಧ್ಯದಲ್ಲಿ, ಮುಗಿಯೋದು ಜುಲೈ ಮಧ್ಯ ದಾಟಿ. ಅದಾದ ಮೇಲೆ ಪರೀಕ್ಷೆ, ಕೆಲವು ಆಗಸ್ಟ್‌ಗೂ ಹೋಗತ್ತೆ. ನಿಮ್ಮ ಕಾಲೇಜಲ್ಲಿ ಆರನೇ ಸೆಮಿಸ್ಟರ್ ಫೆಬ್ರವರಿ, ಮಾರ್ಚ್‌ಗೇ ಶುರುವಾಗಿರತ್ತೆ. ನೀನು ಇಲ್ಲಿ ಕೂತು ಪರೀಕ್ಷೆ ಬರೀತಿರುವಾಗ ಅಲ್ಲಿ ನಿನ್ನ ಕ್ಲಾಸಿನವರು ಪ್ಲೇಸ್‌ಮೆಂಟ್‌ಗೆ ಹೆಸರು ಕೊಡ್ತಿರ್ತಾರೆ. ಚಳಿಗಾಲದ ಸೆಮಿಸ್ಟರ್ ಹಿಡಿದರೂ ತಾಪತ್ರಯ ತಪ್ಪಲ್ಲ. ಅಕ್ಟೋಬರ್‌ನಲ್ಲಿ ಶುರುವಾಗಿ ಪರೀಕ್ಷೆ ಫೆಬ್ರವರಿ, ಮಾರ್ಚ್‌ಗೆ ಬೀಳತ್ತೆ, ಅಷ್ಟರಲ್ಲಿ ಊರಲ್ಲಿ ಮುಂದಿನ ಸೆಮಿಸ್ಟರ್ ಅರ್ಧ ತಿಂಗಳು ಓಡಿರತ್ತೆ. ಹಾಗಾಗಿ ಏಳನೇ ಸೆಮಿಸ್ಟರ್‌ಗೆ ತಡವಾಗಿ ಸೇರಿದರೆ ಅಟೆಂಡೆನ್ಸ್ ಏನು ಮಾಡ್ತಾರೆ, ಪ್ಲೇಸ್‌ಮೆಂಟ್‌ಗೆ ಇಲ್ಲಿಂದಲೇ ಹೆಸರು ಕೊಡಬಹುದಾ ಅಂತ ನಿಮ್ಮ ಎಚ್‌ಒಡಿ ಹತ್ರ ಕೇಳು. ಬಾಯಲ್ಲಿ ‘ನೋಡೋಣ ಬಾಮ್ಮ’ ಅಂದರೆ ಸಾಲದು, ಈಮೇಲ್‌ನಲ್ಲಿ ತಗೋ. ನೀನು ವಾಪಸ್ ಹೋಗೋ ಹೊತ್ತಿಗೆ ಆ ಕುರ್ಚಿಯಲ್ಲಿ ಬೇರೆಯವರು ಕೂತಿರಬಹುದು.

ಲರ್ನಿಂಗ್ ಅಗ್ರಿಮೆಂಟ್ ವಿಷಯಾನೂ ಹಾಗೇ. ಇಲ್ಲಿ ಯಾವ ಸಬ್ಜೆಕ್ಟ್ ಮಾಡಿದರೆ ಅಲ್ಲಿ ಯಾವ ಸಬ್ಜೆಕ್ಟ್‌ಗೆ ಸಮ ಅಂತ ಎರಡೂ ಕಡೆಯವರು ಸಹಿ ಹಾಕೋ ಪತ್ರ ಅದು. ಪೂರ್ತಿ ಸೆಮಿಸ್ಟರ್ ಅಂದ್ರೆ 30 ಇಸಿಟಿಎಸ್ (ಯುರೋಪಿನ ಕಾಲೇಜುಗಳ ಕ್ರೆಡಿಟ್ ಲೆಕ್ಕ) ಕ್ರೆಡಿಟ್, ಒಂದೊಂದಕ್ಕೂ 25ರಿಂದ 30 ಗಂಟೆ ಓದು ಅಂತ ಲೆಕ್ಕ. ಮೊದಲ ಸಲವೇ 30 ತುಂಬಿಸಿಕೊಂಡು ಒದ್ದಾಡಬೇಡ, ಕಾಲೇಜು ಒಪ್ಪೋದಾದರೆ ಒಂದು ಸಬ್ಜೆಕ್ಟ್ ಕಡಿಮೆ ಇಟ್ಟುಕೋ. ಸಿಲಬಸ್ ಇಂಗ್ಲಿಷ್‌ನಲ್ಲಿದ್ದ ಮಾತ್ರಕ್ಕೆ ಪಾಠ ಇಂಗ್ಲಿಷ್‌ನಲ್ಲಿ ಅಂತ ನಂಬಬೇಡ, ಬೋಧನೆಯ ಭಾಷೆ ಯಾವುದು ಅಂತ ಬರೆದಿರತ್ತೆ, ಅದನ್ನ ನೋಡು. ಅಂಕಗಳನ್ನ ಹೇಗೆ ಪರಿವರ್ತಿಸ್ತೀರಿ ಅನ್ನೋದನ್ನೂ ಈಗಲೇ ಬರೆಸಿಕೋ. ಇಲ್ಲಿ 1.0 ಅತ್ಯುತ್ತಮ, 4.0 ಪಾಸು, 5.0 ಫೇಲು. ನನ್ನ ಅಂಕಪಟ್ಟಿಯಲ್ಲಿ 1.3 ನೋಡಿ ಅಪ್ಪ ಫೋನಲ್ಲಿ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ಮೆಲ್ಲಗೆ ‘ಹೋಗಲಿ ಬಿಡು ಮಗಳೇ’ ಅಂದರು!

ಇನ್ನು ನನ್ನ ಎಡವಟ್ಟು. ನಮ್ಮಲ್ಲಿ ಸೆಮಿಸ್ಟರ್‌ಗೆ ಫೀಸು ಕಟ್ಟಿದ ಮೇಲೆ ಪರೀಕ್ಷೆ ತಾನಾಗೇ ಬರತ್ತೆ ಅನ್ನೋ ಭಾವ ನನ್ನದು. ಇಲ್ಲಿ ಕ್ಲಾಸಿಗೆ ಹೆಸರು ಕೊಡೋದೇ ಬೇರೆ, ಪರೀಕ್ಷೆಗೆ ಹೆಸರು ಕೊಡೋದೇ ಬೇರೆ. ಎರಡನೆಯದಕ್ಕೆ ಪೋರ್ಟಲ್‌ನಲ್ಲಿ ಕೊನೇ ದಿನಾಂಕ ಇರತ್ತೆ, ಯಾರೂ ಕರೆದು ನೆನಪಿಸಲ್ಲ. ನಾನು ಒಂದೂ ಲೆಕ್ಚರ್ ತಪ್ಪಿಸದೆ ಕೂತಿದ್ದೆ, ನೋಟ್ಸ್ ಬರೆದಿದ್ದೆ. ಪರೀಕ್ಷೆ ದಿನ ಹಾಲ್ ಬಾಗಿಲಲ್ಲಿ ಪಟ್ಟಿ ಹಿಡಿದು ನಿಂತಿದ್ದ ಅಸಿಸ್ಟೆಂಟ್ ನನ್ನ ಐಡಿ ಕಾರ್ಡ್ ನೋಡಿದ, ಪಟ್ಟಿ ಮೇಲೆ ಪೆನ್ನಿನ ತುದಿ ಇಟ್ಟು ಕೆಳಗಿನವರೆಗೂ ಇಳಿಸಿದ, ಮತ್ತೆ ಮೇಲಿಂದ ಇಳಿಸಿದ. ಹೆಸರಿಲ್ಲ. ಪ್ರೊಫೆಸರ್ ಒಳ್ಳೆಯವರೇ, ಕನಿಕರನೂ ಪಟ್ಟರು, ಆದರೆ ‘ದಿನಾಂಕ ಮುಗಿದಿದೆ’ ಅಂದರೆ ಮುಗಿದಿದೆ. ಆರು ಕ್ರೆಡಿಟ್ ಹೋಯ್ತು. ಊರಿಗೆ ಹೋಗಿ ಆ ಪೇಪರನ್ನ ಜೂನಿಯರ್‌ಗಳ ಜೊತೆ ಕೂತು ಬರೆದೆ. ತಪ್ಪು ನನ್ನದೇ. ನೀನು ಬಂದ ವಾರವೇ ಆ ದಿನಾಂಕವನ್ನ ಫೋನಲ್ಲಿ ಹಾಕ್ಕೋ. ವೀಸಾ ಕೂಡ ಕೊನೇ ಪರೀಕ್ಷೆ ದಾಟಿ ಇನ್ನೂ ಸ್ವಲ್ಪ ದಿನ ಇರೋ ಹಾಗೆ ಕೇಳು. ಮೂರು ತಿಂಗಳಿಗಿಂತ ಜಾಸ್ತಿ ಇರೋದರಿಂದ ನಿನಗೆ ಬೇಕಾಗಿರೋದು ನ್ಯಾಷನಲ್ ವೀಸಾ, ಟೂರಿಸ್ಟ್ ಷೆಂಗೆನ್ ಅಲ್ಲ. ಪ್ರವೇಶ ಪತ್ರ ಕೈಗೆ ಬಂದ ದಿನವೇ ಅಪಾಯಿಂಟ್‌ಮೆಂಟ್ ಹುಡುಕೋಕೆ ಶುರು ಮಾಡು.

ದುಡ್ಡಿಗೆ ಬರೋಣ. ಎಕ್ಸ್‌ಚೇಂಜ್ ಒಪ್ಪಂದ ಇದ್ದರೆ ಇಲ್ಲಿ ಟ್ಯೂಷನ್ ಫೀಸು ಇಲ್ಲ, ಸೆಮಿಸ್ಟರ್‌ಗೆ ಒಂದು ಸಣ್ಣ ವಂತಿಗೆ ಅಷ್ಟೆ. ಸ್ಕಾಲರ್‌ಶಿಪ್ ಇಲ್ಲದಿದ್ದರೆ ವೀಸಾಗೆ ಬ್ಲಾಕ್ಡ್ ಅಕೌಂಟ್‌ನಲ್ಲಿ (ಮೊದಲೇ ದುಡ್ಡು ಹಾಕಿಟ್ಟು ತಿಂಗಳಿಗೆ ಇಷ್ಟೇ ಅಂತ ತೆಗೆಯೋ ಖಾತೆ) ತಿಂಗಳಿಗೆ 992 ಯೂರೋ ಲೆಕ್ಕದಲ್ಲಿ ಇಡಬೇಕು, ಆರು ತಿಂಗಳಿಗೆ 5,952. ಇದು 2024ರ ಸೆಪ್ಟೆಂಬರ್‌ನಿಂದ ಇರೋ ಮೊತ್ತ, ಕಟ್ಟೋ ಮುಂಚೆ ಒಂದ್ಸಲ ಕಾನ್ಸುಲೇಟ್ ವೆಬ್‌ಸೈಟ್ ನೋಡು. ಮ್ಯೂನಿಕ್‌ನಲ್ಲಿ ಈ 992ರಲ್ಲಿ ಬದುಕಬಹುದಾ? ವಿದ್ಯಾರ್ಥಿ ಹಾಸ್ಟೆಲ್ ರೂಮು ಸಿಕ್ಕರೆ ಆರಾಮಾಗಿ. ಹೊರಗೆ ಬಾಡಿಗೆ ರೂಮು ಹಿಡಿದರೆ ತಿಂಗಳ ಕೊನೇ ವಾರ ಅನ್ನ, ಮೊಸರು. ಆರೋಗ್ಯ ವಿಮೆಗೇ ತಿಂಗಳಿಗೆ 140 ಯೂರೋ ಮೇಲೆ ಹೋಗತ್ತೆ, ಊರಲ್ಲಿ ಮಾಡಿಸಿದ ಟ್ರಾವೆಲ್ ಇನ್ಶೂರೆನ್ಸ್ ನಂಬಿಕೊಂಡು ಬಂದರೆ ಅಡ್ಮಿಷನ್ ಮಾಡಿಸೋವಾಗ ಸಿಕ್ಕಿಹಾಕಿಕೊಳ್ತೀಯ.

ಹಾಸ್ಟೆಲ್‌ಗೆ ಇವತ್ತೇ ಅರ್ಜಿ ಹಾಕು. ಎಕ್ಸ್‌ಚೇಂಜ್ ವಿದ್ಯಾರ್ಥಿಗಳಿಗೆ ಕೋಟಾ ಇದೆಯಾ ಅಂತ ಇಂಟರ್‌ನ್ಯಾಷನಲ್ ಆಫೀಸ್‌ನಲ್ಲಿ ವಿಚಾರಿಸು. ಇಂಟರ್‌ನೆಟ್‌ನಲ್ಲಿ ಅಗ್ಗದ ರೂಮಿನ ಚೆಂದದ ಫೋಟೋ ಹಾಕಿ, ‘ನಾನು ಸದ್ಯ ಬೇರೆ ದೇಶದಲ್ಲಿದೀನಿ, ಅಡ್ವಾನ್ಸ್ ಕಳಿಸಿದರೆ ಬೀಗದ ಕೈ ಕೊರಿಯರ್ ಮಾಡ್ತೀನಿ’ ಅನ್ನೋರು ಸಿಗ್ತಾರೆ. ಅವರಿಗೆ ಉತ್ತರಾನೂ ಕೊಡಬೇಡ. ನಿಜವಾದ ಓನರ್ ಆದರೂ ‘ಇವರು ನನ್ನ ಮನೇಲಿದಾರೆ’ ಅಂತ ಒಂದು ಫಾರ್ಮ್ ಸಹಿ ಮಾಡಿ ಕೊಡ್ತಾರಾ ಅಂತ ಕೇಳಿಕೋ. ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು, ಅದಕ್ಕೆ ಆ ಫಾರ್ಮ್ ಬೇಕೇ ಬೇಕು. ಇಲ್ಲಿಯವರು ಈ ನೋಂದಣಿಯನ್ನ ಅನ್‌ಮೆಲ್ಡುಂಗ್ ಅಂತಾರೆ, ಬಂದ ಮೊದಲ ದಿನದಿಂದ ಈ ಪದ ಕೇಳಿ ಕೇಳಿ ನಿನಗೆ ಕನಸಲ್ಲೂ ಬರತ್ತೆ.

ಪಾರ್ಟ್‌ಟೈಮ್ ಕೆಲಸ ನಂಬಿಕೊಂಡು ಬರಬೇಡ. ಕಾನೂನಲ್ಲಿ ವರ್ಷಕ್ಕೆ 140 ಪೂರ್ತಿ ದಿನ ಇಲ್ಲಾ 280 ಅರ್ಧ ದಿನ ದುಡಿಯಬಹುದು, ಕನಿಷ್ಠ ಕೂಲಿ 2026ರಿಂದ ಗಂಟೆಗೆ 13.90 ಯೂರೋ. ಕೇಳೋಕೆ ಚೆನ್ನಾಗಿದೆ. ಆದರೆ ಜರ್ಮನ್ ಬರದವಳು ಕೆಲಸ ಹುಡುಕಿ, ಟ್ಯಾಕ್ಸ್ ನಂಬರ್ ಬಂದು, ಮೊದಲ ಸಂಬಳ ಕೈಗೆ ಸಿಗೋ ಹೊತ್ತಿಗೆ ನಿನ್ನ ಪರೀಕ್ಷೆ ಎದುರಿಗೆ ನಿಂತಿರತ್ತೆ.

ಉಳಿದ ಸಣ್ಣಪುಟ್ಟದ್ದು ಇಲ್ಲಿಗೆ ಬಂದ ಮೇಲೆ ತಾನಾಗೇ ಗೊತ್ತಾಗತ್ತೆ. ಭಾನುವಾರ ಅಂಗಡಿ ಬಂದ್, ಮಿಕ್ಕ ದಿನ ರಾತ್ರಿ ಎಂಟಕ್ಕೆ ಬಂದ್. ಟೈಮ್‌ಟೇಬಲ್‌ನಲ್ಲಿ ‘ಸಿ.ಟಿ.’ ಅಂತ ಇದ್ದರೆ ಹತ್ತು ಗಂಟೆ ಕ್ಲಾಸ್ ಹತ್ತೂಕಾಲಿಗೆ. ನಾನು ಮೊದಲ ದಿನ ಹತ್ತಕ್ಕೇ ಹೋಗಿ ಖಾಲಿ ಹಾಲ್ ನೋಡಿ ರೂಮು ತಪ್ಪಿದೆ ಅಂತ ಮೂರು ಮಹಡಿ ಹತ್ತಿ ಇಳಿದಿದ್ದೆ. ತುಪ್ಪ, ಪೇಡ ತರಬೇಡ. ಹೊರದೇಶದಿಂದ ಹಾಲಿನ ಪದಾರ್ಥ ತರೋ ಹಾಗಿಲ್ಲ, ಕಸ್ಟಮ್ಸ್‌ನವರು ಹಿಡಿದರೆ ಅಮ್ಮ ಮಾಡಿಕೊಟ್ಟದ್ದು ಅಂತ ಬಿಡಲ್ಲ. ಸಾರಿನ ಪುಡಿ, ಚಟ್ನಿಪುಡಿ ತಾ. ರಾಗಿ ಹಿಟ್ಟು ಇಲ್ಲಿ ಇಂಡಿಯನ್ ಅಂಗಡಿಗಳಲ್ಲೇ ಸಿಗತ್ತೆ.

ಕುಕ್ಕರ್ ತರಬೇಡ. ಅಲ್ಯೂಮಿನಿಯಂದಾದರೆ ಇಂಡಕ್ಷನ್ ಒಲೆ ಮೇಲೆ ಬಿಸಿಯಾಗಲ್ಲ, ಹಾಸ್ಟೆಲ್‌ನಲ್ಲಿ ಯಾವ ಒಲೆ ಇರತ್ತೋ ಈಗಲೇ ಹೇಳೋಕಾಗಲ್ಲ. ನನ್ನ ಹತ್ರ ಮೂರು ಲೀಟರಿನ ಸ್ಟೀಲ್ ಕುಕ್ಕರ್ ಒಂದು ಸುಮ್ಮನೆ ಕೂತಿದೆ, ಗ್ಯಾಸ್ಕೆಟ್ ಮಾತ್ರ ಹೋಗಿದೆ. ಅಳತೆ ಕಳಿಸ್ತೀನಿ, ಗ್ಯಾಸ್ಕೆಟ್ ಎರಡು ತಗೊಂಡು ಬಾ.