ಸ್ಥಾವರಕ್ಕಿಂತ ಮೊದಲು ಬಂದ ಬಿಲ್ಲು

ಕಾರವಾರದ ಓದುಗರೊಬ್ಬರು ಕೇಳಿದ್ದಾರೆ: ‘ಅಮೆರಿಕದ ರಾಜ್ಯ ಸರ್ಕಾರಗಳು ಅಣುವಿದ್ಯುತ್ತಿಗಾಗಿ ತಾವೇ ಮುಂದೆ ಬಿದ್ದು ಕಾನೂನು ಮಾಡುತ್ತಿವೆ, ಹಣವನ್ನೂ ಕೊಡುತ್ತಿವೆ. ಕೈಗಾವನ್ನು ಮಗ್ಗುಲಲ್ಲೇ ಇಟ್ಟುಕೊಂಡ ನಮ್ಮ ರಾಜ್ಯಕ್ಕೆ ಆ ಹುಮ್ಮಸ್ಸು ಯಾಕಿಲ್ಲ?’

ಉತ್ತರ: ನಮ್ಮಲ್ಲಿ ಅಣುಶಕ್ತಿ ಸಂವಿಧಾನದ ಕೇಂದ್ರ ಪಟ್ಟಿಗೆ ಸೇರಿದ ವಿಷಯವಾದ್ದರಿಂದ ರಾಜ್ಯದ ಪಾತ್ರ ಬಹುಮಟ್ಟಿಗೆ ಜಾಗ, ನೀರು ಒದಗಿಸುವುದರಲ್ಲೇ ಮುಗಿಯುತ್ತದೆ. ಅಮೆರಿಕದಲ್ಲೂ ವಿಕಿರಣ ಸುರಕ್ಷತೆ ಒಕ್ಕೂಟ ಸರ್ಕಾರದ ಹೊಣೆಯೇ. ಆದರೆ ಸ್ಥಾವರ ಬೇಕೇ ಬೇಡವೇ, ದರ ಎಷ್ಟು ಎಂಬುದನ್ನು ರಾಜ್ಯಗಳು ನಿರ್ಧರಿಸಬಹುದೆಂದು ಅಲ್ಲಿನ ಸುಪ್ರೀಂ ಕೋರ್ಟ್ 1983ರಲ್ಲಿ, ಕ್ಯಾಲಿಫೋರ್ನಿಯಾದ ಪ್ರಕರಣದಲ್ಲಿ ಎತ್ತಿಹಿಡಿಯಿತು. ಹಾಗಾಗಿ ಅಲ್ಲಿ ‘ಪ್ರೋತ್ಸಾಹ’ ಎಂದರೆ ಹೆಚ್ಚಾಗಿ ಹಣ ಯಾರ ಜೇಬಿನಿಂದ, ಯಾವಾಗ ಹೋಗಬೇಕೆಂಬ ತೀರ್ಮಾನವೇ.

ದಕ್ಷಿಣ ಕೆರೊಲಿನಾವನ್ನು ನೋಡಿ. ಸ್ಥಾವರ ಕಟ್ಟುತ್ತಿರುವಾಗಲೇ ಅದಕ್ಕೆ ತೊಡಗಿಸಿದ ಬಂಡವಾಳದ ಮೇಲಿನ ಬಡ್ಡಿ, ಲಾಭಾಂಶದಂಥ ವೆಚ್ಚವನ್ನು ಗ್ರಾಹಕರಿಂದ ವಸೂಲು ಮಾಡಲು 2007ರಲ್ಲಿ ಅದು ಕಾನೂನು ತಂದಿತು. ಜೆಂಕಿನ್ಸ್‌ವಿಲ್‌ನಲ್ಲಿ ಎರಡು ರಿಯಾಕ್ಟರುಗಳ ಕೆಲಸ ಶುರುವಾಗಿ, ಒಂಬತ್ತು ಸಲ ದರ ಏರಿ, ಮನೆಯ ಬಿಲ್ಲಿನ ಸುಮಾರು ಶೇ 18ರಷ್ಟು ಅದಕ್ಕೇ ಹೋಗುವಂತಾಯಿತು. ನಿರ್ಮಾಣದ ಹೊಣೆ ಹೊತ್ತಿದ್ದ ವೆಸ್ಟಿಂಗ್‌ಹೌಸ್ 2017ರ ಮಾರ್ಚಿನಲ್ಲಿ ದಿವಾಳಿ ಅರ್ಜಿ ಹಾಕಿತು. ಜುಲೈನಲ್ಲಿ, ಸುಮಾರು 900 ಕೋಟಿ ಡಾಲರ್ ಸುರಿದಾದ ಮೇಲೆ, ಯೋಜನೆಯನ್ನೇ ಕೈಬಿಡಲಾಯಿತು. ಹೆಸ್ಕಾಂ ಬಿಲ್ಲಿನ ಇಂಧನ ಹೊಂದಾಣಿಕೆ ಶುಲ್ಕಕ್ಕೇ ಗೊಣಗುವ ನಮಗೆ, ಒಂದು ಯೂನಿಟ್ ಕರೆಂಟೂ ಬಾರದ ಸ್ಥಾವರಕ್ಕೆ ತಿಂಗಳು ತಿಂಗಳು ದುಡ್ಡು ಕಟ್ಟಿದವರ ಸಿಟ್ಟು ಅರ್ಥವಾಗದಿರದು.

ನೆರೆಯ ಜಾರ್ಜಿಯಾ 2009ರಲ್ಲಿ ಇಂಥದೇ ಕಾನೂನು ಮಾಡಿತು, 2011ರಿಂದ ಬಿಲ್ಲಿನಲ್ಲಿ ‘ಅಣುಸ್ಥಾವರ ನಿರ್ಮಾಣ ವೆಚ್ಚ’ ಎಂಬ ಪ್ರತ್ಯೇಕ ಸಾಲು ಕಾಣಿಸಿಕೊಂಡಿತು. ಅಲ್ಲಿನ ವೋಗ್ಟಲ್ ಅಣುಸ್ಥಾವರದ ಮೂರನೆಯ ಘಟಕ ವಾಣಿಜ್ಯ ಉತ್ಪಾದನೆ ಆರಂಭಿಸಿದ್ದು 2023ರ ಜುಲೈನಲ್ಲಿ, ನಾಲ್ಕನೆಯದು 2024ರ ಏಪ್ರಿಲ್‌ನಲ್ಲಿ. ಒಟ್ಟು ವೆಚ್ಚ 3,000 ಕೋಟಿ ಡಾಲರನ್ನು ದಾಟಿತು. ಸ್ಥಾವರವಂತೂ ನಿಂತಿತು, ಇಂಗಾಲ ಉಗುಳದ ವಿದ್ಯುತ್ತು ದಶಕಗಟ್ಟಲೆ ಬರಲಿದೆ. ಅದು ಸಣ್ಣ ಮಾತೇನಲ್ಲ.

ಇಲಿನಾಯ್ ರಾಜ್ಯ ಹೊಸ ಅಣುಸ್ಥಾವರಗಳ ಮೇಲಿನ 1987ರ ನಿಷೇಧವನ್ನು ಸಣ್ಣ ರಿಯಾಕ್ಟರುಗಳ ಮಟ್ಟಿಗೆ 2023ರಲ್ಲಿ ಸಡಿಲಿಸಿತು. ಟೆಕ್ಸಸ್ 2025ರಲ್ಲಿ ಅಣುವಿದ್ಯುತ್ ಯೋಜನೆಗಳಿಗಾಗಿ 35 ಕೋಟಿ ಡಾಲರಿನ ನಿಧಿ ತೆರೆಯಿತು. ನಮ್ಮ ಮಟ್ಟಿಗೆ ಹೇಳುವುದಾದರೆ, ಟೆಕ್ಸಸ್ಸಿನ ದಾರಿಯೇ ಮೇಲು: ಆ ಹಣ ಶಾಸನಸಭೆಯ ಎದುರು ಮಂಜೂರಾದದ್ದು, ಬಿಲ್ಲಿನ ಮೂಲೆಯಲ್ಲಿ ಸೇರಿಕೊಂಡದ್ದಲ್ಲ. ಓದುಗರು ಬಯಸುವ ಹುಮ್ಮಸ್ಸು ಆ ಬಗೆಯದಾದರೆ ನಮ್ಮ ತಕರಾರಿಲ್ಲ.